ಎರಡು ಮೊನೆಯ ಪರೀಕ್ಷೆ

ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಕುದುರೆ ನೋಡಿಕೊಳ್ಳುವ ಚಿಕ್ಕಬೋರಯ್ಯನಿಗೆ ರಜ ಸಿಗಲಿಲ್ಲ. ಬೆಳಗಾಗುತ್ತಲೇ ಫೋನು ಮಾಡಿ ಅಕ್ಕನ ಮಗಳು ಸಂಧ್ಯಾಳಿಗೆ ಹೇಳಿದ.

"ಕುದ್ರೆ ಈಯಾಕ್ ಕುಂತೈತೆ ಕಣವ್ವ. ಡಾಕ್ಟ್ರು ಬಂದವ್ರೆ, ಮ್ಯಾನೇಜ್ರು ಬಂದವ್ರೆ, ಅದುಕ್ಕೊಂದು ಫ್ಯಾನ್ ತಂದ್ ಇಟ್ಟವ್ರೆ. ನಿಮ್ಮತ್ತೆ ನಮ್ ಹುಡ್ಗನ್ನ ಹೆತ್ತಾಗ ಆಸ್ಪತ್ರೇಲಿ ಕರೆಂಟೂ ಇರ್ಲಿಲ್ಲ. ಏನ್ ಮಾಡಾದು, ಇದು ಒಳ್ಳೆ ಜಾತಿ ಕುದ್ರೆಯಂತೆ. ಪರೀಕ್ಸೆಗೆ ನನ್ ಬದ್ಲು ನೀನು ಅವ್ವನ್ನ ಕರ್ಕಂಡೋಗು."

ಹೀಗೆ ಮಾವನ ಬದಲಿಗೆ ಅಜ್ಜಿ ಹೊರಟಳು. ದೊಡ್ಡಗಂಗಮ್ಮ. ಕಡಬದ ಕಾಲೋನಿಯಿಂದ ಆಚೆಗೆ ಅವಳು ಹೋಗುತ್ತಿದ್ದದ್ದು ಎರಡೇ ಕಡೆಗೆ, ಯಾರದಾದರೂ ತೋಟಕ್ಕೆ, ಇಲ್ಲ ಯಾರದಾದರೂ ಸಾವಿಗೆ. ಪರೀಕ್ಷೆಗೆ ಹೊರಟದ್ದು ಇದೇ ಮೊದಲು.

ಮನಃಶಾಸ್ತ್ರದವರ ಪದ್ಧತಿಯೇ ಹಾಗೆ. ರಸಾಯನಶಾಸ್ತ್ರದ ಪ್ರಾಕ್ಟಿಕಲ್ಲಿಗೆ ಬೇಕಾದ ಆ್ಯಸಿಡ್ಡನ್ನು ಕಾಲೇಜಿನವರೇ ಕೊಡುತ್ತಾರೆ. ಮನಃಶಾಸ್ತ್ರದ ಪ್ರಾಕ್ಟಿಕಲ್ಲಿಗೆ ಮಾತ್ರ, ಪರೀಕ್ಷೆ ಕಟ್ಟಿದವರು ತಮ್ಮ ಜೊತೆಗೊಬ್ಬ ಮನುಷ್ಯನನ್ನು ತರಬೇಕು, ಮದುವೆಗೆ ಮುಯ್ಯಿ ತಂದ ಹಾಗೆ. ಹಾಗೆ ಬಂದವರಿಗೆ ಸಬ್ಜೆಕ್ಟ್ ಎಂದು ಹೆಸರು. ಅವರ ಕಣ್ಣು ಕಟ್ಟುತ್ತಾರೆ, ಗಂಟೆ ಬಾರಿಸುತ್ತಾರೆ, ತೂಕ ಎತ್ತಿಸುತ್ತಾರೆ, ಅವರು ಹೇಳಿದ್ದನ್ನು ಬರೆದುಕೊಳ್ಳುತ್ತಾರೆ. ಯಾರು ಬೇಕಾದರೂ ಆಗಬಹುದು, ಓದಿರಬೇಕೆಂದಿಲ್ಲ. ಓದದಿದ್ದರೇ ಒಳ್ಳೆಯದು, ಸುಳ್ಳು ಹೇಳುವುದಿಲ್ಲ ಎಂದು ಶಾಸ್ತ್ರದವರ ನಂಬಿಕೆ.

"ಇಲಿ ಮೇಲೆ ಮಾಡ್ತಾರಂತಲ್ಲೇ, ಇಲಿ ತಗಂಡೋಗು. ನಮ್ಮನೇಲೇ ಅವೆ," ಎಂದಳು ಅಜ್ಜಿ, ಗುಬ್ಬಿಯಲ್ಲಿ ಬಸ್ಸು ಬದಲಿಸುವಾಗ.

"ಇಲಿ ಮಾತಾಡಲ್ಲ ಅಜ್ಜಿ."

"ಅದೇ ಒಳ್ಳೇದಲ್ವಾ."

ತುಮಕೂರಿನ ಆ ಸಂಸ್ಥೆಯ ಹೆಸರು ಇಲ್ಲಿ ಬೇಡ, ಗೇಟಿನ ಮೇಲೆ ಅವರೇ ಬೇಕಾದಷ್ಟು ದಪ್ಪಕ್ಷರದಲ್ಲಿ ಬರೆಸಿಕೊಂಡಿದ್ದಾರೆ. ಅಲ್ಲಿ ಪ್ರಾಯೋಗಿಕ ಮನಃಶಾಸ್ತ್ರದ ಎಂ.ಎಸ್ಸಿ.ಗೆ ಎಸ್ಸಿಯವರ ಹೆಸರಿನಲ್ಲಿ ಒಂದು ಸೀಟಿತ್ತು. ಇತ್ತು ಎಂದರೆ ನೋಟೀಸಿನಲ್ಲಿತ್ತು. ಹಿಂದಿನ ವರ್ಷಗಳಲ್ಲೆಲ್ಲ 'ಯೋಗ್ಯ ಅಭ್ಯರ್ಥಿ ಲಭ್ಯವಿಲ್ಲ' ಎಂದು ಬರೆದು ಸಹಿ ಹಾಕುತ್ತಿದ್ದರು. ಆಮೇಲೆ ಆ ಸೀಟು ತಾನೇ ಚಪ್ಪಲಿ ಮೆಟ್ಟಿಕೊಂಡು ಯೋಗ್ಯರ ಮನೆಗೆ ಹೋಗುತ್ತಿತ್ತು. ಈ ಸಲ ಅರ್ಜಿ ಹಾಕಿದ ಎಸ್ಸಿ ಅಭ್ಯರ್ಥಿ ಒಬ್ಬಳೇ, ಸಂಧ್ಯಾ. ಮಾರ್ಕ್ಸು ಚೆನ್ನಾಗಿದ್ದವು. ಅರ್ಜಿಯಲ್ಲಿ ತಪ್ಪು ಹುಡುಕಿ ಸೋತಿದ್ದರು. ಉಳಿದದ್ದು ಸಂದರ್ಶನ ಮತ್ತು ಪ್ರಾಕ್ಟಿಕಲ್.

ಸಂದರ್ಶನ ಬೆಳಿಗ್ಗೆಯೇ ಮುಗಿಯಿತು. ವಿಭಾಗದ ಮುಖ್ಯಸ್ಥರು ಪ್ರೊಫೆಸರ್ ಸಂಗಮೇಶ್. ಒಳ್ಳೆಯವರು ಎಂದು ಹೆಸರು. ಸಮಾನತೆಯ ಬಗ್ಗೆ ಭಾಷಣ ಬೇಕಾದರೆ ಜಿಲ್ಲೆಯಲ್ಲಿ ಎಲ್ಲರೂ ಅವರನ್ನೇ ಕರೆಯುತ್ತಿದ್ದರು, ಅವರೂ ಹೋಗುತ್ತಿದ್ದರು.

"ಇದ್ಯಾಕಮ್ಮ ಎಕ್ಸ್‌ಪೆರಿಮೆಂಟಲ್ಲು? ಒಣ ಸಬ್ಜೆಕ್ಟು. ಕೌನ್ಸೆಲಿಂಗ್ ತಗೋ. ಅಲ್ಲಿ ಸೀಟು ಖಾಲಿ ಇದಾವೆ, ಇವತ್ತೇ ಕೊಡಿಸ್ತೀನಿ. ನಿಮ್ಮೋರ ಮಧ್ಯೆ ಹೋಗಿ ಕೆಲಸ ಮಾಡ್ಬೋದು. ಕುಡಿತದ ಸಮಸ್ಯೆ ಎಲ್ಲಾ ಇರುತ್ತಲ್ಲ."

"ನಮ್ಮಲ್ಲಿ ಕುಡಿದೋರು ಕುಡಿದಿದೀವಿ ಅಂತ ಬೀದೀಲಿ ನಿಂತು ಹೇಳ್ತಾರೆ ಸಾರ್. ಸಮಸ್ಯೆ ಮುಚ್ಚಿಡೋರಿಗೆ."

ಸಂಗಮೇಶ್ ನಕ್ಕರು. ಅವರಿಗೆ ನಗುವುದು ಗೊತ್ತಿತ್ತು. "ಆಯ್ತು. ಎಕ್ಸ್‌ಪೆರಿಮೆಂಟಲ್ಲೇ ಯಾಕೆ, ಹೇಳು."

"ಅದರಲ್ಲಿ ಯಾರೋ ಹೇಳಿದ್ದನ್ನ ನಂಬೋ ಹಾಗಿಲ್ಲ. ಅಳೆದು ನೋಡ್ಬೇಕು. ಅದಕ್ಕೆ."

ಅವಳು ಹೇಳದೆ ಉಳಿಸಿಕೊಂಡದ್ದು ಇನ್ನೊಂದಿತ್ತು. ಡಿಗ್ರಿಯ ಮೂರು ವರ್ಷವೂ ಲ್ಯಾಬಿನಲ್ಲಿ ಇಬ್ಬಿಬ್ಬರ ಜೋಡಿ. ಒಬ್ಬರು ಪ್ರಯೋಗ ಮಾಡುವವರು, ಇನ್ನೊಬ್ಬರು ಸಬ್ಜೆಕ್ಟ್, ಆಮೇಲೆ ಅದಲುಬದಲು. ಸಂಧ್ಯಾಳ ಜೋಡಿ ಅನುಪಮಾ, ಚೇಳೂರಿನ ಕಡೆಯ ತೋಟದವರ ಮನೆಯ ಹುಡುಗಿ. ಕೆಟ್ಟವಳಲ್ಲ. ನೋಟ್ಸ್ ಕೊಡುತ್ತಿದ್ದಳು, ಇಸಿದುಕೊಳ್ಳುತ್ತಿದ್ದಳು. ಆದರೆ ಅದಲುಬದಲಿನ ಹೊತ್ತಿಗೆ ಅನುಪಮಾಳಿಗೆ ತಲೆನೋವು ಬರುತ್ತಿತ್ತು. ಕಣ್ಣು ಕಟ್ಟಿಸಿಕೊಂಡರೆ ತಲೆ ಸುತ್ತುತ್ತದಂತೆ. ಕೈ ಹಿಡಿದರೆ ಕಚಗುಳಿಯಂತೆ. ಹಾಗಾಗಿ ಮೂರು ವರ್ಷವೂ ಕಣ್ಣು ಕಟ್ಟಿಸಿಕೊಂಡವಳು ಸಂಧ್ಯಾ, ತೂಕ ಎತ್ತಿದವಳು ಸಂಧ್ಯಾ, ಗಂಟೆ ಕೇಳಿದ ತಕ್ಷಣ ಗುಂಡಿ ಒತ್ತಿದವಳು ಸಂಧ್ಯಾ. ಅವಳ ಕಿವಿ, ಕಣ್ಣು, ಚರ್ಮದ ಲೆಕ್ಕದಲ್ಲಿ ಅನುಪಮಾಳಿಗೆ ಡಿಸ್ಟಿಂಕ್ಷನ್ ಬಂತು. ಬೀಳ್ಕೊಡುಗೆಯ ದಿನ ಅನುಪಮಾ ಮೈಕಿನಲ್ಲಿ ಹೇಳಿದಳು, "ಸಂಧ್ಯಾ ಪಾಪ, ತುಂಬಾ ಕೋಆಪರೇಟಿವ್."

ಒಂದು ಸಲವಾದರೂ ಆ ಮೇಜಿನ ಆಚೆ ಬದಿಯ ಕುರ್ಚಿಯಲ್ಲಿ ಕೂರಬೇಕು. ಇದು ಸಂಧ್ಯಾ ಸಂದರ್ಶನದಲ್ಲಿ ಹೇಳದೆ ಬಿಟ್ಟ ಕಾರಣ.

ಮಧ್ಯಾಹ್ನ ಪ್ರಾಕ್ಟಿಕಲ್. ಲ್ಯಾಬಿನ ಹೊರಗೆ ಬೆಂಚಿನ ಮೇಲೆ ಸಬ್ಜೆಕ್ಟುಗಳು ಸಾಲಾಗಿ ಕೂತಿದ್ದರು. ಯಾರದೋ ಭಾವ, ಯಾರದೋ ಪೀಜಿ ಓನರು, ಯಾರದೋ ನಿವೃತ್ತ ಚಿಕ್ಕಪ್ಪ. ಗಂಡಿನ ಕಡೆಯವರ ಹಾಗೆ ಗತ್ತು. ಅನುಪಮಾಳೂ ಅರ್ಜಿ ಹಾಕಿದ್ದಳು, ಅವಳು ಕರೆತಂದದ್ದು ದೊಡ್ಡಪ್ಪ ಅಡವಿಯಪ್ಪನವರನ್ನು. ಬಿಳಿ ಪಂಚೆ, ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ. ಚೇಳೂರಿನಲ್ಲಿ ಮನೆ, ಕಡಬದ ಕೆರೆಯ ಹಿಂದೆ ತೆಂಗಿನ ತೋಟ. ಅವರು ಬೆಂಚಿನ ತುದಿಯಲ್ಲಿ ದೊಡ್ಡಗಂಗಮ್ಮನನ್ನು ಕಂಡರು. ತಮಗಿಂತ ಹತ್ತು ವರ್ಷ ದೊಡ್ಡವಳನ್ನು ಯಾವಾಗಲೂ ಮಾತಾಡಿಸುತ್ತಿದ್ದ ರೀತಿಯಲ್ಲೇ ಮಾತಾಡಿಸಿದರು.

"ಏನ್ ಗಂಗೀ, ನೀನೇನಿಲ್ಲಿ?"

ದೊಡ್ಡಗಂಗಮ್ಮ ಏಳಲು ಹೋದಳು. ಸಂಧ್ಯಾ ಸೆರಗು ಹಿಡಿದಳು. ಅಜ್ಜಿ ಅರ್ಧ ಎದ್ದು ಅರ್ಧ ಕೂತು, ಕೊನೆಗೆ ಕೂತಳು.

"ನಿಮ್ಮಂಗೇ ಬುದ್ದೀ, ಪರೀಕ್ಸೆಗೆ."

"ನಮ್ ತೋಟದಲ್ಲಿ ತೆಂಗಿನ್ ಮಟ್ಟೆ ಹೊರೋಳ್ಗೆ ಎಂಥ ಪರೀಕ್ಷೆ," ಎಂದು ಅಡವಿಯಪ್ಪ ಪಕ್ಕದ ಪೀಜಿ ಓನರಿನತ್ತ ನೋಡಿ ನಕ್ಕರು. ಪೀಜಿ ಓನರು ನಕ್ಕ. ನಗದಿದ್ದರೆ ಏನಾಗುತ್ತಿತ್ತೋ ಅವನಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಸಂಗಮೇಶ್ ಚೀಟಿಗಳಿದ್ದ ಡಬ್ಬಿ ಹಿಡಿದು ಬಂದರು. ಅದು ಅವರ ಹೆಮ್ಮೆಯ ಪದ್ಧತಿ. ತಂದ ಸಬ್ಜೆಕ್ಟನ್ನು ತಂದವರಿಗೇ ಕೊಟ್ಟರೆ ಮನೆಯಲ್ಲೇ ಪಾಠ ಹೇಳಿಸಿಕೊಂಡು ಬಂದಿರುತ್ತಾರೆ. ಆದ್ದರಿಂದ ಎಲ್ಲ ಸಬ್ಜೆಕ್ಟುಗಳ ಹೆಸರನ್ನೂ ಚೀಟಿಯಲ್ಲಿ ಬರೆದು ಕಲಸಿ ಎತ್ತಿಸುತ್ತಿದ್ದರು. "ನಮ್ ವಿಭಾಗದಲ್ಲಿ ಪಕ್ಷಪಾತ ಇಲ್ಲ. ಯಾರಿಗೆ ಯಾರು ಅಂತ ದೇವರಿಗೂ ಗೊತ್ತಿರಲ್ಲ," ಎಂದರು. ಈ ಮಾತನ್ನು ಅವರು ವರ್ಷವೂ ಹೇಳುತ್ತಿದ್ದರು. ವರ್ಷವೂ ಬೆಂಚಿನ ಮೇಲೆ ಒಂದೇ ಥರದ ಜನ ಕೂತಿರುತ್ತಿದ್ದರು, ಹಾಗಾಗಿ ಪದ್ಧತಿ ಚೆನ್ನಾಗಿ ನಡೆದಿತ್ತು.

ಅನುಪಮಾ ಚೀಟಿ ಎತ್ತಿದಳು, ದೊಡ್ಡಗಂಗಮ್ಮ. ಸಂಧ್ಯಾ ಎತ್ತಿದಳು, ಅಡವಿಯಪ್ಪ.

ಸಂಗಮೇಶ್ ಎರಡೂ ಚೀಟಿಯನ್ನು ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೊಮ್ಮೆ ಓದಿದರು. ಒರೆಸಿದ್ದರಿಂದ ಹೆಸರು ಬದಲಾಗಿರಲಿಲ್ಲ.

ಪ್ರಯೋಗ ಎಲ್ಲರಿಗೂ ಒಂದೇ. ಕಂಪಾಸಿನ ಹಾಗೆ ಎರಡು ಮೊನೆಯ ಸಾಧನ. ಸಬ್ಜೆಕ್ಟಿನ ಕಣ್ಣು ಕಟ್ಟಿ, ಮಣಿಕಟ್ಟನ್ನು ಅಲುಗದ ಹಾಗೆ ಹಿಡಿದು, ಮೊನೆಯನ್ನು ಚರ್ಮಕ್ಕೆ ಮೆಲ್ಲಗೆ ತಾಗಿಸಬೇಕು. ಒಂದು ಮೊನೆ ತಾಗಿತೋ ಎರಡೋ ಅವರು ಹೇಳಬೇಕು. ಮೊನೆಗಳ ಅಂತರ ಹೆಚ್ಚು ಕಡಿಮೆ ಮಾಡುತ್ತಾ ಹೋದರೆ ಚರ್ಮ ಎಷ್ಟು ಸೂಕ್ಷ್ಮ ಎಂದು ಗೊತ್ತಾಗುತ್ತದೆ. ಲ್ಯಾಬಿನಲ್ಲಿದ್ದ ಸಾಧನ ಒಂದೇ. ಆದ್ದರಿಂದ ಒಬ್ಬರಾದ ಮೇಲೆ ಒಬ್ಬರು. ಅನುಪಮಾ ಮೊದಲು.

ಲ್ಯಾಬ್ ನೋಡಿಕೊಳ್ಳುವ ಗುರುಪ್ರಕಾಶ್ ಅಜ್ಜಿಯ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿದರು. ಅನುಪಮಾ ಅಜ್ಜಿಯ ಮಣಿಕಟ್ಟನ್ನು ಎರಡು ಬೆರಳಿನಲ್ಲಿ, ಬಿಸಿ ಪಾತ್ರೆ ಹಿಡಿದ ಹಾಗೆ ಹಿಡಿದು, ಅಂಗೈ ಮೇಲೆ ಮೊನೆ ಇಟ್ಟಳು.

"ಒಂದಾ, ಎರಡಾ ಅಜ್ಜಿ?"

"ಯಾವ್ದು?"

"ಚುಚ್ಚಿದ್ದು."

"ಎಲ್ಲಿ ಚುಚ್ಚಿದ್ಯವ್ವ? ಚುಚ್ಚು, ಹೇಳ್ತೀನಿ."

ಅನುಪಮಾ ಅಂತರ ಹೆಚ್ಚಿಸಿದಳು. ಇನ್ನೂ ಹೆಚ್ಚಿಸಿದಳು. ಮೊನೆಗಳು ಅಂಗೈಯ ಈ ದಡಕ್ಕೊಂದು ಆ ದಡಕ್ಕೊಂದು ನಿಂತವು. ಅಜ್ಜಿ "ಇಲ್ಲ" ಎನ್ನುತ್ತಿದ್ದಳು. ಕೆಲವು ಸಲ ಅನುಪಮಾಳಿಗೆ ಬೇಜಾರಾದೀತೆಂದು "ಒಂದು ಅಂತ ಬರ್ಕ ಬುಡು" ಎನ್ನುತ್ತಿದ್ದಳು.

ಆ ಅಂಗೈಗೆ ಆ ಮೊನೆ ಎಲ್ಲಿಗೆ ಸಾಲಬೇಕು. ಅದು ತೆಂಗಿನ ಗರಿ ಸೀಳಿ ಪೊರಕೆಗೆ ಕಡ್ಡಿ ಹೆರೆದ ಕೈ. ಕತ್ತಿ ಜಾರಿ ಸೀಳಿದಾಗ ಬೂದಿ ಮೆತ್ತಿಕೊಂಡು ಅದೇ ಕತ್ತಿ ಹಿಡಿದ ಕೈ. ಕೊಟ್ಟಿಗೆಯ ಗಂಜಲದಲ್ಲಿ ಕೊಳೆತು, ರಾಗಿ ಹೊಲದ ಬಿಸಿಲಿಗೆ ಒಣಗಿ, ಮತ್ತೆ ಕೊಳೆತು ಮತ್ತೆ ಒಣಗಿದ ಕೈ. ಮಟ್ಟೆಯ ಹೊರೆ ಎತ್ತಿ ಎತ್ತಿ ಅಂಗೈಯ ಗೆರೆಗಳೇ ತೇದು ಹೋಗಿದ್ದವು. ರೇಷನ್ ಅಂಗಡಿಯ ಮೆಷಿನ್ನು ಅವಳ ಹೆಬ್ಬೆಟ್ಟನ್ನು ಮನುಷ್ಯರದೆಂದು ಒಪ್ಪುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ಗುರುಪ್ರಕಾಶ್ ಬಗ್ಗಿ ನೋಡಿ ಸಂಗಮೇಶರಿಗೆ ಹೇಳಿದರು, "ಸೆನ್ಸಿಟಿವಿಟಿ ಕಡಿಮೆ ಸಾರ್. ಇವ್ರಿಗೆಲ್ಲಾ ಸ್ವಲ್ಪ ಕಡಿಮೇನೇ ಇರುತ್ತೆ."

ಅನುಪಮಾ ಅದನ್ನೂ ಬರೆದುಕೊಂಡಳು. ಸಂಧ್ಯಾ ಗೋಡೆಗೆ ಒರಗಿ ನಿಂತಿದ್ದವಳು ನೆಟ್ಟಗೆ ನಿಂತಳು.

ಈಗ ಅವಳ ಸರದಿ. ಆಚೆ ಬದಿಯ ಕುರ್ಚಿಯಲ್ಲಿ ಕೂತಳು. ಸಾಧನ ಕೈಗೆ ಬಂತು. ಅಜ್ಜಿ ಪಕ್ಕದ ಸ್ಟೂಲಿಗೆ ಸರಿದು, ಕಣ್ಣಿನ ಬಟ್ಟೆಯನ್ನು ಹಣೆಗೇರಿಸಿಕೊಂಡು ಕೂತಳು. ಬಿಚ್ಚಿಕೊಳ್ಳಲು ಯಾರೂ ಹೇಳಿರಲಿಲ್ಲ.

ಅಡವಿಯಪ್ಪ ಒಳಗೆ ಬಂದರು, ಕೂರಲಿಲ್ಲ.

"ನೀನು ಗಂಗಿ ಮೊಮ್ಮಗಳಾ?"

"ಹೂಂ."

"ಓದಿದೀಯಾ, ಸಂತೋಷ." ಆಮೇಲೆ ಸಂಗಮೇಶರ ಕಡೆ ತಿರುಗಿದರು. ದನಿ ತಗ್ಗಿಸಿದರು, ಆದರೆ ತೋಟದಲ್ಲಿ ಕೂಗಿ ಅಭ್ಯಾಸವಾದ ದನಿ ತಗ್ಗಿದರೂ ಲ್ಯಾಬಿಗೆಲ್ಲ ಕೇಳುತ್ತದೆ. "ನೋಡಿ ಸಾರ್, ನಂಗೇನೂ ಇಲ್ಲ. ಕಾಲ ಬದಲಾಗೈತೆ. ಆದ್ರೆ ನಾನು ಪೂಜೆ ಮುಗಿಸ್ಕಂಡು ಬಂದಿವ್ನಿ, ಸಂಜೆ ಮಠಕ್ಕೆ ಹೋಗ್ಬೇಕು. ಕೈ ಹಿಡ್ಯಾದು, ತಲೆಗೆ ಬಟ್ಟೆ ಕಟ್ಟಾದು, ಅದೆಲ್ಲಾ ಬ್ಯಾಡ."

ಸಂಗಮೇಶರು ಮನಃಶಾಸ್ತ್ರಜ್ಞರು. ಎಲ್ಲರ ಮನಸ್ಸಿಗೂ ನೋವಾಗದ ಹಾಗೆ ದಾರಿ ಹುಡುಕಿದರು. ಕಣ್ಣಿನ ಬಟ್ಟೆಯನ್ನು ಅನುಪಮಾ ಕಟ್ಟಲಿ. ಮೊನೆ ಲೋಹದ್ದು, ಅದಕ್ಕೆ ದೋಷವಿಲ್ಲ, ಅದನ್ನು ಸಂಧ್ಯಾ ತಾಗಿಸಲಿ. ಉಳಿದದ್ದು ಮಣಿಕಟ್ಟು. ಅದನ್ನು ಹಿಡಿಯದಿದ್ದರೆ ಕೈ ಅಲುಗುತ್ತದೆ, ಪ್ರಯೋಗ ಕೆಡುತ್ತದೆ. ಹಿಡಿದರೆ ಅಡವಿಯಪ್ಪನವರು ಕೆಡುತ್ತಾರೆ. ಗುರುಪ್ರಕಾಶರಿಗೆ ಉಪಾಯ ಹೊಳೆಯಿತು. ಡ್ರಾಯರಿನಿಂದ ಒಂದು ಮರದ ಸ್ಕೇಲು ತೆಗೆದು ಮೇಜಿನ ಮೇಲಿಟ್ಟರು.

"ಇದ್ರಲ್ಲಿ ಒತ್ತಿ ಹಿಡ್ಕೊಂಡು ಮಾಡಮ್ಮ. ರಿಸಲ್ಟಿಗೇನೂ ವ್ಯತ್ಯಾಸ ಆಗಲ್ಲ."

ಲ್ಯಾಬಿನಲ್ಲಿ ಎಲ್ಲರಿಗೂ ಸಮಾಧಾನವಾಯಿತು. ಇಂಥ ಹೊಸ ವಿಧಾನ ಯಾವ ಪಠ್ಯಪುಸ್ತಕದಲ್ಲೂ ಇರಲಿಲ್ಲ. ತುಮಕೂರಿನಲ್ಲಿ ಒಂದು ನಿಮಿಷದಲ್ಲಿ ಹುಟ್ಟಿತ್ತು, ಯಾರೂ ಹೆರಿಗೆ ನೋವು ಪಟ್ಟಿರಲಿಲ್ಲ.

ಸಂಧ್ಯಾ ಸ್ಕೇಲನ್ನು ನೋಡಿದಳು. ದನದ ಮೂಗಿಗೆ ಕೋಲಿಟ್ಟು ದೂರ ನಿಲ್ಲಿಸುವುದನ್ನು ಅವಳು ನೋಡಿದ್ದಳು. ಇದರಲ್ಲಿ ದೂರ ನಿಲ್ಲಬೇಕಾದವಳ ಕೈಗೇ ಕೋಲು ಕೊಟ್ಟಿದ್ದರು. ಹಿಡಿದರೆ ಪ್ರಯೋಗ ಮುಗಿಯುತ್ತದೆ. ಮುಗಿದರೆ ಸೀಟು. ಮೂರು ವರ್ಷ ಕಣ್ಣು ಕಟ್ಟಿಸಿಕೊಂಡವಳು ಹತ್ತು ನಿಮಿಷ ಸ್ಕೇಲು ಹಿಡಿಯಲಾರಳೇ?

ಹಿಡಿಯಲಾರಳು. ಸ್ಕೇಲನ್ನು ಮೇಜಿನ ತುದಿಗೆ ತಳ್ಳಿದಳು. ಅದು ಕೆಳಗೆ ಬಿತ್ತು. ಯಾರೂ ಎತ್ತಲಿಲ್ಲ.

"ಪ್ರಯೋಗ ಮಾಡ್ತೀನಿ ಸಾರ್. ಸ್ಕೇಲ್ ಹಿಡ್ಕೊಂಡು ಮಾಡಲ್ಲ."

"ಹಟ ಮಾಡ್ಬೇಡಮ್ಮ," ಎಂದರು ಸಂಗಮೇಶ್. "ಒಂದ್ ಕೆಲಸ ಮಾಡು. ನಿಮ್ಮಜ್ಜಿ ಮೇಲೇ ಮಾಡಿಬಿಡು. ಎಲ್ಲರಿಗೂ ಅನುಕೂಲ."

"ಚೀಟಿ ಎತ್ತಿಸಿದ್ದು ನೀವು."

"ಎತ್ತಿಸಿದೆ. ಆದ್ರೆ ಪರಿಸ್ಥಿತಿ..."

"ಮನೆಯೋರ ಮೇಲೆ ಮಾಡಿದ್ರೆ ರಿಸಲ್ಟ್ ಕೆಡುತ್ತೆ ಅಂದ್ರಿ. ನಮ್ಮಜ್ಜಿ ಮೇಲೆ ಮಾಡಿದ್ರೆ ನಾಳೆ ಅದನ್ನೇ ಬರೀತೀರ. ಸ್ಕೇಲಲ್ಲಿ ಮಾಡಿದ್ರೆ ವಿಧಾನ ತಪ್ಪು ಅಂತ ಬರೀತೀರ. ಎರಡರಲ್ಲೂ ಯೋಗ್ಯ ಅಭ್ಯರ್ಥಿ ಲಭ್ಯವಿಲ್ಲ."

ಅಡವಿಯಪ್ಪ ಶಲ್ಯ ಕೊಡವಿದರು. "ಬಾಯಿ ಜಾಸ್ತಿ. ಅನು, ನಿಂದಾಯ್ತಲ್ಲ, ನಡಿ," ಎಂದು ಹೊರಗೆ ಹೋದರು. ಅವರದೊಂದು ನಿಯತ್ತು, ಒಳಗಿದ್ದದ್ದನ್ನೇ ಹೊರಗೆ ಆಡಿದ್ದರು. ಅನುಪಮಾ ಬಾಗಿಲವರೆಗೆ ಹೋಗಿ, ನಿಂತಳು. ಹೋಗಲಿಲ್ಲ, ಬರಲೂ ಇಲ್ಲ.

"ನೋಡು, ಈಗ ಸಬ್ಜೆಕ್ಟೇ ಇಲ್ಲ," ಎಂದರು ಗುರುಪ್ರಕಾಶ್. "ಅದನ್ನ ಇಲ್ಲಿ ಕೊಡು. ಮುಂದಿನೋರು ಕಾಯ್ತಿದಾರೆ."

ಸಂಧ್ಯಾ ಸಾಧನವನ್ನು ಮುಷ್ಟಿಯಲ್ಲಿ ಹಿಡಿದಳು. ಮೊನೆ ಅಂಗೈಗೆ ಚುಚ್ಚಿತು. ಎರಡೂ ಚುಚ್ಚಿದವು, ಅವಳಿಗೆ ಸ್ಪಷ್ಟವಾಗಿ ಗೊತ್ತಾಯಿತು.

"ಕೊಡಲ್ಲ ಸಾರ್. ನಂದು ಶುರುವೇ ಆಗಿಲ್ಲ."

"ಕುರ್ಚಿ ಬಿಟ್ಟು ಏಳು."

"ಏಳಲ್ಲ."

ಗುರುಪ್ರಕಾಶ್ ಕೈ ಚಾಚಿದರು. ಕಿತ್ತುಕೊಳ್ಳಬೇಕೆಂದರೆ ಮುಷ್ಟಿ ಬಿಡಿಸಬೇಕು. ಚಾಚಿದ ಕೈ ಮೇಜಿನ ಮಧ್ಯೆ ನಿಂತಿತು, ಸ್ವಲ್ಪ ಹೊತ್ತು ಗಾಳಿಯಲ್ಲಿದ್ದು, ಏನೂ ಆಗಿಲ್ಲವೆಂಬಂತೆ ಹಿಂದಕ್ಕೆ ಹೋಗಿ ತಲೆ ಕೆರೆದುಕೊಂಡಿತು.

ಹೊರಗೆ ಪೀಜಿ ಓನರು ಟೈಮು ಕೇಳುತ್ತಿದ್ದ. ಭಾವ ಬಾಗಿಲಲ್ಲಿ ಇಣುಕಿದ. ಅಭ್ಯರ್ಥಿಗಳು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ತುಂಬಿಕೊಂಡರು. ಸಾಧನ ಬರದೆ ಯಾರ ಪ್ರಯೋಗವೂ ನಡೆಯುವಂತಿಲ್ಲ. ಇಡೀ ವಿಭಾಗದ ಪ್ರವೇಶ ಒಬ್ಬ ಹುಡುಗಿಯ ಮುಷ್ಟಿಯಲ್ಲಿ ಸಿಕ್ಕಿಕೊಂಡಿತ್ತು.

"ಅಜ್ಜಿ, ನೀವಾದ್ರೂ ಹೇಳಿ," ಎಂದರು ಸಂಗಮೇಶ್. ಬೆಳಗಿನಿಂದ ಅವರು ದೊಡ್ಡಗಂಗಮ್ಮನ ಜೊತೆ ಆಡಿದ ಮೊದಲ ಮಾತು.

"ನಾನೇನ್ ಹೇಳ್ಳಿ ಸಾಮೀ. ನಂಗೆ ಚುರುಕು ಕಡ್ಮೆ ಅಂತ ಈಗಿನ್ನ ಬರ್ಕಂಡ್ರಲ್ಲ."

ಬಾಗಿಲಲ್ಲಿ ಯಾರೋ ನಕ್ಕರು. ಸಂಗಮೇಶರ ಕಿವಿ ಕೆಂಪಾಯಿತು.

"ನಂಗೊಬ್ಬ ಮನುಷ್ಯ ಬೇಕು ಸಾರ್," ಎಂದಳು ಸಂಧ್ಯಾ. "ಯಾರಾದ್ರೂ ಆಗ್ಬೋದು. ನೀವೇ ಕೂತ್ಕೊಳ್ಳಿ."

ಸಂಗಮೇಶ್ ಗಡಿಯಾರ ನೋಡಿಕೊಂಡರು. ಬಾಗಿಲಲ್ಲಿ ನಿಂತ ಮುಖಗಳನ್ನು ನೋಡಿದರು. ಅವರಲ್ಲಿ ಕೆಲವರು ಅವರ ಭಾಷಣ ಕೇಳಿದವರು. ನಿಧಾನವಾಗಿ ಮುಖಕ್ಕೆ ನಗು ತಂದುಕೊಂಡು, ತೋಳಿನ ಗುಂಡಿ ಬಿಚ್ಚಿದರು.

"ಅಷ್ಟೇ ತಾನೆ. ನಂಗೇನು? ನಾನು ಹಾಸ್ಟೆಲ್ಲಲ್ಲಿ ಎಲ್ಲಾ ಜಾತಿಯೋರ ಜೊತೆ ಒಂದೇ ತಟ್ಟೇಲಿ ಉಂಡೋನು." ಹುಡುಗರ ಕಡೆ ತಿರುಗಿದರು. "ನೋಡಿ, ವಿಜ್ಞಾನಕ್ಕೆ ಜಾತಿ ಇಲ್ಲ. ಚರ್ಮಕ್ಕೂ ಇಲ್ಲ. ಇದು ನಿಮಗೂ ಒಂದು ಪಾಠ."

ಸಬ್ಜೆಕ್ಟಿನ ಕುರ್ಚಿಯಲ್ಲಿ ಕೂತರು. ಸಂಧ್ಯಾ ಎದ್ದು ಅವರ ಹಿಂದೆ ಹೋಗಿ ಇನ್ನೊಂದು ಕಪ್ಪು ಬಟ್ಟೆ ಕಟ್ಟಿದಳು. ಗಂಟು ಬಿಗಿಯಾಗಿತ್ತು. ಮತ್ತೆ ಬಂದು ಕೂತಳು. ಅವರ ಬರಿಯ ಮುಂಗೈ ಮೇಜಿನ ಮೇಲೆ ಬೆಳ್ಳಗೆ, ಮೆತ್ತಗೆ, ಈಗಷ್ಟೇ ಸುಲಿದ ಎಳನೀರಿನ ಗಂಜಿಯ ಹಾಗೆ ಮಲಗಿತ್ತು.

"ಒಂದು ಮೊನೆ ತಾಗಿದ್ರೆ ಒಂದು ಅನ್ನಿ ಸಾರ್. ಎರಡು ತಾಗಿದ್ರೆ ಎರಡು. ಏನೂ ತಾಗದಿದ್ರೆ ಇಲ್ಲ ಅನ್ನಿ."

"ಗೊತ್ತಮ್ಮ, ನಾನೇ ಪಾಠ ಮಾಡೋದು."

ಪಾಠ ಅವರದೇ. ನಡುನಡುವೆ ಏನೂ ತಾಗಿಸದೆ ಸುಮ್ಮನೆ ಕೇಳಬೇಕು, ಸಬ್ಜೆಕ್ಟು ನಿಜ ಹೇಳುತ್ತಿದ್ದಾನೋ ಅಂದುಕೊಂಡದ್ದನ್ನು ಹೇಳುತ್ತಿದ್ದಾನೋ ತಿಳಿಯಲು. ಸಂಧ್ಯಾ ಮೊದಲನೆಯದನ್ನೇ ಹಾಗೆ ಇಟ್ಟಳು. ಸಾಧನವನ್ನು ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿದಳು. ಇನ್ನೊಂದು ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಅವಳಿಗೂ ಆ ಕೈಗೂ ನಡುವೆ ಮೇಜಿನ ಅಗಲವಿತ್ತು.

"ಒಂದಾ, ಎರಡಾ ಸಾರ್?"

ಸಂಗಮೇಶರ ಮುಂಗೈಯ ರೋಮ ಎದ್ದಿತು. ಕೈ ಸರಕ್ಕನೆ ಹಿಂದಕ್ಕೆ ಹೋಯಿತು. ಎಡಗೈ ತಾನಾಗಿಯೇ ಬಂದು ಆ ಜಾಗವನ್ನು ಒರೆಸಿತು, ಒಂದು ಸಲ, ಇನ್ನೊಂದು ಸಲ.

"ಎರಡು," ಎಂದರು. "ಎರಡು ಕಣಮ್ಮ. ತಣ್ಣಗಿದೆ."

ಗುರುಪ್ರಕಾಶ್ ನೆಲ ನೋಡಿದರು. ಅನುಪಮಾ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ದೊಡ್ಡಗಂಗಮ್ಮ ಮಾತ್ರ, ಹಣೆಯ ಮೇಲೆ ಕಪ್ಪು ಬಟ್ಟೆ ಏರಿಸಿಕೊಂಡು ಕೂತಿದ್ದವಳು, ಇರುವುದನ್ನು ಇದ್ದ ಹಾಗೆ ಹೇಳಿದಳು.

"ಅವ್ಳು ಇನ್ನೂ ಮುಟ್ಟೇ ಇಲ್ಲ ಕಣ್ ಸಾಮೀ."

ಸಂಗಮೇಶರ ಎರಡೂ ಕೈ ತಲೆಯ ಹಿಂದಿನ ಗಂಟಿಗೆ ಹೋದವು.

"ಬಿಚ್ಚಬೇಡಿ ಸಾರ್," ಎಂದಳು ಸಂಧ್ಯಾ. ಕಾಗದದ ಮೇಲೆ ಮೊದಲ ಸಾಲಿನಲ್ಲಿ, ತಾಗಿಸಿದ್ದು: ಇಲ್ಲ, ಹೇಳಿದ್ದು: ಎರಡು, ಎಂದು ಬರೆದು ಪೆನ್ನು ಇಟ್ಟಳು. "ಇನ್ನೂ ಬಹಳ ಇದಾವೆ. ಕೈ ಕೊಡಿ."

ಗಂಟಿನ ಮೇಲಿದ್ದ ಕೈಗಳು ಅಲ್ಲೇ ನಿಂತವು. ಅವರು ಕೊಡಲಿಲ್ಲ. ಸಂಧ್ಯಾ ಮೇಜಿನಾಚೆಗೆ ಬಾಗಿ ಬಲಗೈಯನ್ನು ಇಳಿಸಿ ತಂದಳು. ಪ್ರವೇಶದ ಪಟ್ಟಿಗೆ ಸಹಿ ಹಾಕುವ ಕೈ ಅದು. ಮಣಿಕಟ್ಟನ್ನು ಐದೂ ಬೆರಳು ಸುತ್ತಿ, ಅಲುಗದ ಹಾಗೆ, ಶಾಸ್ತ್ರದಲ್ಲಿ ಹೇಳಿದ ಹಾಗೆ ಹಿಡಿದುಕೊಂಡಳು. ಅದರೊಳಗೆ ನಾಡಿ ಹೊಡೆದುಕೊಳ್ಳುತ್ತಿದ್ದದ್ದು ಅವಳ ಹೆಬ್ಬೆರಳಿಗೆ ಕೇಳಿಸುತ್ತಿತ್ತು.

"ಇದು ನಾನು ಸಾರ್," ಎಂದು ಹೇಳಿ, ಮೊನೆ ಇಳಿಸಿದಳು.